ಮಂಗಳವಾರದ ನೀರು

ಒಂದು ಬಿಳಿ ಕೋಟು ಒಗೆಯಲು ಒಂದು ಹಿಡಿ ಸೋಡಾ, ಎರಡು ಚಿಟಿಕೆ ನೀಲಿ, ಬಂಡೆಯ ಮೇಲೆ ಇಪ್ಪತ್ತು ಬಡಿತ ಬೇಕಾಗುತ್ತಿತ್ತು. ಕೈಯ ಚರ್ಮ ಎಷ್ಟು ಹೋಗುತ್ತಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಊರಿನ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಿಂದ ಪ್ರತಿ ಮಂಗಳವಾರ ಅಂಥ ಅರವತ್ತು ಕೋಟು ನನ್ನ ಪಾಲಿಗೆ ಬರುತ್ತಿದ್ದವು. ಒಗೆದು ಹಗ್ಗಕ್ಕೆ ಹಾಕಿದರೆ, ಅರವತ್ತು ಜನ ಕೈ ಇಳಿಬಿಟ್ಟುಕೊಂಡು ಕಾಲುವೆಯ ದಡದಲ್ಲಿ ಸಾಲಾಗಿ ನಿಂತಂತೆ ಕಾಣುತ್ತಿತ್ತು. ನನ್ನ ಮನೆಯ ಅರ್ಧ ಅನ್ನ ಆ ಹಗ್ಗದ ಮೇಲಿತ್ತು.

ಆ ವರ್ಷ ಕಾಲುವೆಯ ಮಡಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಎಲ್ಲರ ಕೈಯೂ ಒಡೆದು ಹುಣ್ಣಾಯಿತು. ನನ್ನ ಓರಗಿತ್ತಿ ನಿಂಗಾಜಮ್ಮನಿಗಂತೂ ಅನ್ನ ಕಲಸಲು ಆಗದೆ, ಮಗಳು ತುತ್ತು ಕೊಡಬೇಕಾಯಿತು. ಸುದ್ದಿ ತಿಳಿದು ವಿಶ್ವವಿದ್ಯಾಲಯದಿಂದ ಅಂಬುಜಾಕ್ಷಿ ಮೇಡಂ ಆರು ಜನ ವಿದ್ಯಾರ್ಥಿಗಳೊಂದಿಗೆ ಬಂದರು. ಕುರ್ಚಿ ತರಿಸದೆ ಒಗೆಯುವ ಬಂಡೆಯ ಮೇಲೆಯೇ ಕುಳಿತು, "ನಾವು ಕಲಿಸೋಕೆ ಬಂದಿಲ್ಲಮ್ಮ, ನಿಮ್ಮ ಜೊತೆ ಸೇರಿ ಕಲಿಯೋಕೆ ಬಂದಿದೀವಿ" ಎಂದರು.

ಅವರಿಗೆ ಪಾಠವಿಲ್ಲದ್ದು ಭಾನುವಾರ. ನಮಗೂ ಕಟ್ಟೆಯ ಕೆಲಸದಿಂದ ಬಿಡುವು ಅಂದೇ. ಎಂಟು ಭಾನುವಾರ ಬಂದು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಒಂಬತ್ತನೆಯ ಭಾನುವಾರ ಮೇಡಂ ವರದಿ ಓದಿದರು: ನೀರಿನಲ್ಲಿ ದೋಷವಿಲ್ಲ, ಹುಣ್ಣಿಗೆ ಸೋಡಾ ಕಾರಣ. ಅದು ಪುರಸಭೆಗೆ ಹೋದರೆ ಕಾಲುವೆಯ ಕಡೆ ಮತ್ತೆ ಯಾರೂ ತಿರುಗಿ ನೋಡುವಂತಿರಲಿಲ್ಲ.

"ನಮ್ಮತ್ತೆ ಹುಟ್ಟಿದಾಗಿಂದ ಅದೇ ಸೋಡಾದಲ್ಲಿ ಒಗೆದ್ಲು ಕಣ್ರವ್ವಾ" ಎಂದಳು ನಿಂಗಾಜಮ್ಮ. "ಸಾಯೋಗಂಟ ಕೈ ನೆಟ್ಟಗಿತ್ತು. ನಾಲಿಗೆ ಒಂದು ನೆಟ್ಟಗಿರ್ಲಿಲ್ಲ ಅಷ್ಟೇ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಿಂಗಾಜಮ್ಮನ ಬಾಯಿಗೆ ಅವಳ ಮಗಳು ಮಜ್ಜಿಗೆಯ ಲೋಟ ಹಿಡಿದಿದ್ದಳು.

"ಮೇಡಂ, ಭಾನುವಾರ ನೀರೂ ರಜಾ ಹಾಕಿರ್ತದೆ" ಎಂದೆ. "ಮಂಗಳವಾರ ಬೆಳಿಗ್ಗೆ ಬನ್ನಿ."

ಅವರು ಒಬ್ಬರೇ ಬಂದರು. ಸೋಪು ಉಜ್ಜಿ ತೋರಿಸಿದೆ, ನೊರೆ ಏಳಲಿಲ್ಲ. ಬಾಟಲಿ ತುಂಬಿಸಿದೆ. ಆಗಷ್ಟೇ ಬಂದಿದ್ದ ಗಂಟು ಬಿಚ್ಚಿ, ಹುಡುಕಿ ಒಂದು ಕೋಟು ತೆಗೆದು ಅವರ ಕೈಗಿಟ್ಟೆ. "ಇದನ್ನ ಮೂಸಿ. ಆಮೇಲೆ ಬಾಟ್ಲಿ ಮೂಸಿ."

ಮೂಸಿದರು. ಎರಡರಲ್ಲೂ ಗಂಟಲು ಕೆರೆಯುವ ಅದೇ ಘಾಟು. ಸೋಮವಾರ ಅವರ ಪ್ರಯೋಗಶಾಲೆಯಲ್ಲಿ ಪ್ರಯೋಗ ನಡೆಯುತ್ತಿತ್ತು. ಮಂಗಳವಾರ ಬೆಳಿಗ್ಗೆ ಶೀಶೆಗಳನ್ನು ತೊಳೆದು ಚೆಲ್ಲಿದ್ದು ಮೋರಿ ಹಿಡಿದು ನಮ್ಮ ಕಾಲುವೆಗೆ ಬರುತ್ತಿತ್ತು. ವಾರದ ಕೊನೆಗೆ ನೀರು ತಿಳಿಯಾಗುತ್ತಿತ್ತು.

ಮೇಡಂ ಕೋಟಿನ ಕೊರಳಪಟ್ಟಿ ಮಗುಚಿದರು. ಯಾರ ಬಟ್ಟೆಯೆಂದು ತಿಳಿಯಲು ನಾನು ಹಾಕಿದ್ದ ಮೂರು ಕೆಂಪು ಹೊಲಿಗೆ ಅಲ್ಲಿತ್ತು.

"ಮೂರು ಹೊಲಿಗೆ ಅಂದ್ರೆ ಯಾರದು?"

"ನಿಮ್ದೇ."

ಅವರು ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. "ನಿಮಗೆ ಎಷ್ಟು ದಿನದಿಂದ ಗೊತ್ತು?"

"ವರ್ಷವಾಯ್ತು."

"ಹೇಳ್ಬಾರದಿತ್ತಾ?"

"ಹೊಟ್ಟೆ ಮೇಡಂ. ಹೇಳಿದ್ರೆ ಗಂಟು ಬರ್ತಿತ್ತಾ?"

ಅವರು ಕೋಟನ್ನು ನಿಧಾನವಾಗಿ ಮಡಿಸಿದರು. "ನನಗೂ ಅಲ್ಲಿ ಇದನ್ನ ಹೇಳೋದು ಸಲೀಸಲ್ಲ. ನೀವು ಪಕ್ಕದಲ್ಲಿ ಕೂತ್ರೆ ಹೇಳ್ತೀನಿ."

ಕೂತೆ. ವಿಶ್ವವಿದ್ಯಾಲಯದಲ್ಲಿ ದೊಡ್ಡ ಮೇಜಿನ ಸುತ್ತ ಕುಳಿತವರ ಎದುರು ಅವರು ಮೊದಲು ತಮ್ಮ ವರದಿ ತಪ್ಪೆಂದರು. ಬಾಟಲಿಯ ಮುಚ್ಚಳ ತೆಗೆದದ್ದು ನಾನು. ಆಮೇಲೆ ಯಾರೂ ಹೆಚ್ಚು ವಾದ ಮಾಡಲಿಲ್ಲ. ಮೋರಿ ಮುಚ್ಚಿ, ಆ ನೀರನ್ನು ಶುದ್ಧಮಾಡುವ ತೊಟ್ಟಿ ಕಟ್ಟಿಸಿದರು. ವಿದ್ಯಾರ್ಥಿಗಳು ಭಾನುವಾರ ಬಿಟ್ಟು ಮಂಗಳವಾರ ಬರತೊಡಗಿದರು. ಬಾಟಲಿ ತೆಗೆಯುವ ಮುಂಚೆ, "ಅಕ್ಕಾ, ಇವತ್ತು ನೊರೆ ಬಂತಾ?" ಎಂದು ಕೇಳುವುದನ್ನು ಕಲಿತರು.

ಪ್ರಯೋಗಶಾಲೆಯ ಬಟ್ಟೆ ಕಾಲುವೆಗೆ ಹೋಗಕೂಡದೆಂಬ ಕಟ್ಟಳೆಯೂ ಆಯಿತು. ಅದೂ ಸರಿಯೇ. ಅವರು ಯಂತ್ರ ತಂದರು. ನನ್ನ ಹಗ್ಗದ ಮೇಲೆ ಹೋಟೆಲಿನ ಮೇಜುಬಟ್ಟೆ, ಮದುವೆ ಮನೆಯ ಜಮಖಾನ ಒಣಗತೊಡಗಿದವು; ಸಾಲಾಗಿ ನಿಲ್ಲುತ್ತಿದ್ದ ಆ ಜನ ಮತ್ತೆ ಬರಲಿಲ್ಲ.

ಅರವತ್ತು ಕೋಟು ಹೋದವು. ನಿಂಗಾಜಮ್ಮ ತನ್ನ ಕೈಯಿಂದಲೇ ಅನ್ನ ಕಲಸಿಕೊಂಡು ಉಂಡಳು.