ಒಂಬತ್ತು ಹೆಜ್ಜೆ

ಆ ಮನುಷ್ಯನ ಗಂಟಲಿಗೆ ಒಂದು ಸಲವಾದರೂ ಕೆಮ್ಮು ಬರಲಿ ಎಂದು ನಾನು ಹನ್ನೊಂದು ವರ್ಷ ಹಾರೈಸಿದ್ದೇನೆ. ಬರಲಿಲ್ಲ. ಬಿಸಿನೀರು ಕುಡಿದು, ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿ, ಆ ಗಂಟಲನ್ನು ಹಸುಗೂಸಿನ ಹಾಗೆ ಸಾಕುತ್ತಿದ್ದ. ಬೆನ್ನ ಹಿಂದೆ ನಾವು ಅವನನ್ನು ಗಂಟಲಯ್ಯ ಎನ್ನುತ್ತಿದ್ದೆವು. ನಮ್ಮ ರೇಡಿಯೋ ನಾಟಕಗಳಲ್ಲಿ ನಾಯಕ ಯಾವಾಗಲೂ ಅವನೇ. ನಾನು ಅವನ ಕಾಲು.

ಕಾಲು ಎಂದರೆ ನಿಜವಾಗಿಯೂ ಕಾಲು. ಮೈಕಿನ ಮುಂದೆ ಗಂಟಲಯ್ಯ ಕದಲುವಂತಿಲ್ಲ, ಕದಲಿದರೆ ದನಿ ಏರುಪೇರಾಗುತ್ತದೆ. ಅವನು ನಿಂತಲ್ಲೇ ನಿಂತು ಮಾತಾಡುತ್ತಾನೆ, ಸ್ಟುಡಿಯೋದ ಮೂಲೆಯಲ್ಲಿ ನಾನು ನಡೆಯುತ್ತೇನೆ. ಮರದ ಹಲಗೆ, ಜಲ್ಲಿ ತುಂಬಿದ ತಟ್ಟೆ, ನಾಲ್ಕು ಜೊತೆ ಹಳೇ ಬೂಟು, ಗೋಡೆಯೇ ಇಲ್ಲದೆ ಬರೀ ಚೌಕಟ್ಟಿನಲ್ಲಿ ನಿಂತ ಒಂದು ಬಾಗಿಲು, ಇಷ್ಟು ನನ್ನ ಸಂಸಾರ. ನಾನು ಬಾಗಿಲು ಹಾಕಿದರೆ ಅವನು ಹೋದ ಹಾಗೆ. ಹೆಸರು ಮಾತ್ರ ಅವನಿಗೆ.

ಊರೆಲ್ಲ ಹೊಗಳಿದರೂ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಿದ್ದೆ. ನನ್ನ ಹೆಂಡತಿಯೂ ಹೊಗಳುತ್ತಿದ್ದಳಲ್ಲ, ಅದು ಹೊಟ್ಟೆ ಉರಿಸುತ್ತಿತ್ತು. ಮನೆಯಲ್ಲೇ ಬಟ್ಟೆ ಹೊಲಿಯುವವಳು ಅವಳು. ದಿನವಿಡೀ ಪಕ್ಕದಲ್ಲಿ ರೇಡಿಯೋ ಹಾಡುತ್ತಿರುತ್ತದೆ. ಅವನ ದನಿ ಬಂದರೆ ಮುಖ ಅರಳುತ್ತಿತ್ತು. ನಾನು ಮನೆಗೆ ಬಂದರೆ "ಬಂದ್ರಾ" ಎನ್ನುತ್ತಿದ್ದಳು, ತಲೆ ಎತ್ತದೆ.

ವರ್ಷಕ್ಕೊಮ್ಮೆ ನಮ್ಮಲ್ಲಿ ಮಾತಿನ ದಿನ. ಅವತ್ತು ಹಾಡು ಇಲ್ಲ, ಬೆಳಗಿನಿಂದ ಸಂಜೆವರೆಗೆ ಬರೀ ಮಾತು. ಎಂಟಕ್ಕೆ ರೈಲ್ವೆ ಗೇಟು ಕಾಯುವವರ ಕುರಿತ ಸಾಕ್ಷ್ಯರೂಪಕ, ಹನ್ನೆರಡಕ್ಕೆ ಕ್ಷೌರದಂಗಡಿಯ ಹಾಸ್ಯ, ನಾಲ್ಕಕ್ಕೆ ನೇರಪ್ರಸಾರದ ನಾಟಕ. ಮೂರರಲ್ಲೂ ಗಂಟಲಯ್ಯ. ಆ ಗೇಟಿನ ಸರಪಳಿ, ಗಂಟೆ, ದೂರದ ರೈಲು ಎಲ್ಲದರ ಸದ್ದನ್ನೂ ನಾಲ್ಕು ದಿನ ಬಿಸಿಲಲ್ಲಿ ಕೂತು ಹಿಡಿದು ತಂದವನು ನಾನು. ಅವನು ಬಂದು ಇಪ್ಪತ್ತು ನಿಮಿಷ ಓದಿ ಹೋದ. ಎಂಟೂವರೆಗೆಲ್ಲ ಅವನ ಹೆಸರಿಗೆ ಫೋನು ಬರತೊಡಗಿತು.

ಹಾಸ್ಯ ಮುಗಿದ ಮೇಲೆ ತಡೆಯಲಾರದೆ ಮನೆಗೆ ಫೋನ್ ಮಾಡಿದೆ.

"ಕೇಳಿದ್ಯಾ?"

"ಅಯ್ಯೋ, ನಕ್ಕೂ ನಕ್ಕೂ ಸಾಕಾಯ್ತು ಕಣ್ರೀ. ಮೂರು ಜನರ ಪಾತ್ರಾನೂ ಅವರೊಬ್ಬರೇ ಮಾಡಿದ್ರಲ್ಲ!"

"ಕತ್ತರಿ ಸದ್ದು ಹೇಗಿತ್ತು?"

"ಯಾವ ಕತ್ತರಿ?"

"ಕ್ಷೌರದಂಗಡಿ ಕಣೆ! ಉದ್ದಕ್ಕೂ ಕಚಕಚ ಅಂತಿರ್ಲಿಲ್ವಾ? ನಿನ್ನ ಕತ್ತರೀನೇ ಅದು."

"ನೀವು ತಗೊಂಡು ಹೋಗಿದ್ರಾ? ಬೆಳಗ್ಗಿಂದ ಮನೆಯೆಲ್ಲ ಹುಡುಕ್ತಿದೀನಲ್ರೀ!"

ಫೋನ್ ಕುಕ್ಕಿದೆ.

ನಾಲ್ಕರ ನಾಟಕದಲ್ಲಿ ಗಂಡ ಮನೆ ಬಿಟ್ಟು ಹೋಗುತ್ತಾನೆ. "ನಾನು ಹೊರಟೆ" ಎನ್ನುತ್ತಾನೆ ಗಂಟಲಯ್ಯ. ಆಮೇಲೆ ಹಲಗೆಯ ಮೇಲೆ ನನ್ನ ಒಂಬತ್ತು ಹೆಜ್ಜೆ, ಬಾಗಿಲು. ರೇಡಿಯೋದಲ್ಲಿ ಯಾರೂ ತಾವಾಗಿ ಮನೆ ಬಿಟ್ಟು ಹೋಗಲಾರರು, ನಾನು ಕರೆದುಕೊಂಡು ಹೋಗಬೇಕು. ಬೂಟು ಕಟ್ಟಿಕೊಳ್ಳುವಾಗ ನನಗೆ ಇದು ಹೊಳೆಯಿತು. ಕರೆದುಕೊಂಡು ಹೋಗದಿದ್ದರೆ? ಮಗನೇ, ಅದು ಹೇಗೆ ಹೋಗುತ್ತೀಯೋ ಹೋಗು, ನೋಡೇ ಬಿಡೋಣ.

"ನಾನು ಹೊರಟೆ," ಅಂದ.

ಗಾಜಿನ ಆಚೆಯಿಂದ ನಿರ್ದೇಶಕರು ನನ್ನ ಕಡೆ ಬೆರಳು ತೋರಿಸಿದರು. ನಾನು ಹಲಗೆಯ ಮೇಲೆ ಕಂಬದ ಹಾಗೆ ನಿಂತೆ. ಒಂದು ಸೆಕೆಂಡು. ಎರಡು. ನಿರ್ದೇಶಕರು ಎರಡೂ ಕೈ ಆಡಿಸತೊಡಗಿದರು. ಮೂರು. ನಾಲ್ಕು. ಗಂಟಲಯ್ಯ ತಿರುಗಿ ನನ್ನ ಕಾಲು ನೋಡಿದ, ಹನ್ನೊಂದು ವರ್ಷದಲ್ಲಿ ಮೊದಲ ಸಲ. ನಾನು ಚಾವಣಿ ನೋಡಿದೆ.

ಆಗ ಆ ಪುಣ್ಯಾತ್ಮ ದನಿ ತಗ್ಗಿಸಿ, "ಹೊರಟೆ ಅಂತೀನಿ... ಕಾಲು ನನ್ನ ಮಾತು ಕೇಳ್ತಿಲ್ಲ ನೋಡು," ಅಂದ.

ನಾಯಕಿ ಬಿಕ್ಕಿದಳು. ನಾಟಕದ ಪ್ರತಿಯಲ್ಲಿ ಅಳು ಇರಲಿಲ್ಲ, ನಿಜವಾಗಿಯೇ ಬಂದುಬಿಟ್ಟಿತ್ತು. ಗಾಜಿನ ಆಚೆ ನಿರ್ದೇಶಕರು ಕಣ್ಣೊರೆಸಿಕೊಂಡರು. ನನಗೆ ಬೇರೆ ದಾರಿ ಉಳಿಯಲಿಲ್ಲ. ಒಂಬತ್ತು ಹೆಜ್ಜೆಗಳನ್ನೂ ಕುಟ್ಟಿ ಕುಟ್ಟಿ ಇಟ್ಟು ಬಾಗಿಲು ಹಾಕಿದೆ.

"ಎಂಥ ಮೌನ ಕೊಟ್ಟೆ ಮಾರಾಯ!" ಎಂದು ನಿರ್ದೇಶಕರು ಅವನನ್ನು ತಬ್ಬಿಕೊಂಡರು. ಕೊಟ್ಟವನು ಅವನಂತೆ! ಫೋನುಗಳು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದ್ದವು. ಅದು ನನ್ನ ಮೌನ ಎಂದು ಕೂಗಬೇಕೆನಿಸಿತು. ಕೂಗಿದರೆ ಕೆಲಸ ಹೋಗುತ್ತಿತ್ತು. ಮಫ್ಲರ್ ಸರಿಮಾಡಿಕೊಳ್ಳುತ್ತ ಗಂಟಲಯ್ಯ ನನ್ನ ಬಳಿ ಬಂದು, "ಹುಷಾರಾಗಿದೀರ ತಾನೇ?" ಎಂದು ಕೇಳಿದ. ನಿಜವಾದ ಕಾಳಜಿಯಿಂದಲೇ ಕೇಳಿದ. ಅದಕ್ಕೂ ಹೊಟ್ಟೆ ಉರಿಯಿತು.

ಮನೆಗೆ ಬಂದಾಗ ಆರು ಗಂಟೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಕಣ್ಣು ಕೆಂಪಗಾಗಿತ್ತು. ಅತ್ತಿದ್ದಾಳೆ, ಅವನಿಗೋಸ್ಕರ ಅತ್ತಿದ್ದಾಳೆ ಎಂದು ನೋಡಿದ ಕೂಡಲೇ ತಿಳಿಯಿತು.

"ಚೆನ್ನಾಗಿ ಅಳು," ಅಂದೆ. "ಪಾಪ, ಮನೆ ಬಿಟ್ಟು ಹೋದನಲ್ಲ ನಿನ್ನ ನಾಯಕ."

"ಯಾವ ನಾಯಕ ಎಲ್ಲಿ ಹೋದ್ರೆ ನನಗೇನ್ರೀ? ಅವರು ಹೊರಟೆ ಅಂದ್ರು, ನಿಮ್ಮ ಹೆಜ್ಜೆ ಬರ್ಲಿಲ್ಲ. ಒಂದು ದಿನಾನೂ ತಪ್ಪಿದ್ದಲ್ಲ. ಬಿದ್ದುಗಿದ್ದು ಬಿಟ್ರೇನೋ ಅಂತ ಜೀವ ಬಾಯಿಗೆ ಬಂತು. ಫೋನ್ ಮಾಡ್ತೀನಿ, ಮಾಡ್ತೀನಿ, ಯಾರೂ ಸಿಗ್ತಿಲ್ಲ."

"ಆಮೇಲೆ ಬಂತಲ್ಲ ಹೆಜ್ಜೆ?"

"ಅದು ನಿಮ್ಮದಾ? ನೀವು ಹಾಗೆ ಕುಟ್ಟಿಕೊಂಡು ನಡೀತೀರಾ? ಬೇರೆ ಯಾರನ್ನೋ ನಿಲ್ಲಿಸಿದಾರೆ, ನಿಮಗೇನೋ ಆಗೇಬಿಟ್ಟಿದೆ ಅಂದ್ಕೊಂಡೆ."

ಇವಳಿಗೆ ನನ್ನ ನಡಿಗೆ ಗೊತ್ತಿತ್ತು. ಇಷ್ಟು ವರ್ಷ ಅವನ ಮಾತಿನ ಅಡಿಯಲ್ಲಿ ನನ್ನನ್ನು ಕೇಳುತ್ತಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಏನಾಗಿತ್ತು? ನಿಜ ಹೇಳಿ," ಅಂದಳು.

ಹೇಳಬೇಕಿತ್ತು. "ಜೋಮು ಹಿಡಿದಿತ್ತು," ಅಂದೆ.

ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕೂತು, ಬೂಟಿನ ದಾರ ಬಿಚ್ಚತೊಡಗಿದಳು.

"ಯಾವ ಕಾಲು?"

"ಎರಡೂ," ಅಂದೆ.