ಇಸ್ತ್ರಿಯಮ್ಮನ ಗುಂಗುರು

ಬಾಚಣಿಗೆಯ ತುದಿಯಿಂದ ಬೈತಲೆ ತೆಗೆಯುತ್ತಿದ್ದ ಪಾರ್ಲರಿನವಳ ಕೈಯನ್ನು ಅಕ್ಕ ಗಬಕ್ಕನೆ ಹಿಡಿದುಕೊಂಡಳು.

“ಏನ್ರೀ ಮಾಡ್ತಿದೀರಾ? ಇದು ಸಾವಿನ ಮನೆ!”

“ಗೊತ್ತು. ಅದಕ್ಕೇ ಬಂದಿದೀನಿ,” ಎಂದಳು ಪಾರ್ಲರಿನವಳು. “ಪರ್ಮ್ ಮಾಡ್ತಿದೀನಿ, ಕೂದಲು ಗುಂಗುರು ಮಾಡೋದು. ಕೈ ಬಿಡಿ, ಕ್ಲಿಪ್ಪು ಜಾರುತ್ತೆ.”

ಮಂಚದ ಮೇಲೆ ಮಲಗಿದ್ದವಳು ಇಸ್ತ್ರಿಯಮ್ಮ, ಅಕ್ಕನ ಒಡಹುಟ್ಟಿದ ತಂಗಿ. ಬೆಳಿಗ್ಗೆ ಆಸ್ಪತ್ರೆಯಿಂದ ತಂದಿದ್ದರು. ಮಧ್ಯಾಹ್ನ ಅವಳನ್ನು ಒಯ್ಯಲು ಗಾಡಿ ಬರುವುದಿತ್ತು. ಮುಂದಿನ ಕೋಣೆಯಲ್ಲಿ ಕುರ್ಚಿ ಸಾಲದೆ ನೆಂಟರಿಷ್ಟರು ಕಿಟಕಿಯ ಕಟ್ಟೆಯ ಮೇಲೆಲ್ಲ ಕೂತಿದ್ದರು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಅಲಂಕಾರ ನಡೆಯುತ್ತಿದೆ ಎಂದಷ್ಟೇ ಅವರಿಗೆ ಗೊತ್ತು. ಎಂಥ ಅಲಂಕಾರವೆಂದು ಗೊತ್ತಿಲ್ಲ.

“ನಾನೇ ಕರೆಸಿದ್ದು, ದೊಡ್ಡಮ್ಮ,” ಎಂದಳು ಇಸ್ತ್ರಿಯಮ್ಮನ ಮಗಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. “ಅಮ್ಮನಿಗೆ ಮಾತು ಕೊಟ್ಟಿದೀನಿ. ‘ನಾನು ಸತ್ತ ದಿನ ಎಲ್ಲರೂ ನನ್ನನ್ನೇ ನೋಡ್ತಾರೆ, ಅವತ್ತಾದ್ರೂ ನನ್ನ ತಲೆ ಇಸ್ತ್ರಿ ಮಾಡಿದ ಹಾಗೆ ಕಾಣಬಾರದು’ ಅಂದ್ಲು.”

“ಕೊನೇ ಹೊತ್ತಲ್ಲಿ ಜನ ಏನೇನೋ ಅಂತಾರೆ, ಪುಟ್ಟಿ.”

“ಅಮ್ಮ ಏನೇನೋ ಅನ್ನಲಿಲ್ಲ. ಇದೊಂದೇ ಅಂದಿದ್ದು. ದಿನಾ ಅಂದಿದ್ದು.”

“ಜನ ನಗ್ತಾರೆ ಕಣೇ!”

“ಬದುಕಿದ್ದಾಗಲೂ ನಕ್ಕರಲ್ಲ,” ಎಂದು ಮಗಳು ಬಿಕ್ಕಿದಳು. ಪಾರ್ಲರಿನವಳು ಅವಳನ್ನು ಬಿಸಿನೀರು ತರಲು ಅಡುಗೆಮನೆಗೆ ಅಟ್ಟಿದಳು.

* * *

ಅಕ್ಕನಿಗೆ ಇಬ್ಬರಿಗಾಗುವಷ್ಟು ಕೂದಲು ಕೊಟ್ಟ ದೇವರು, ತಂಗಿಯ ಸರದಿ ಬರುವ ಹೊತ್ತಿಗೆ ಕೈ ಕೊಡವಿಬಿಟ್ಟಿದ್ದ. ಇಸ್ತ್ರಿಯಮ್ಮನ ಕೂದಲು ಜೋಳದ ತೆನೆಯ ತುದಿಯ ರೇಷ್ಮೆಯಂತೆ. ತೆಳ್ಳಗೆ, ನುಣ್ಣಗೆ, ತಲೆಗೆ ಅಂಟಿಕೊಂಡೇ ಇರುತ್ತಿತ್ತು. ಹೇರ್‌ಪಿನ್ನು ಸಿಕ್ಕಿಸಿದರೆ ಅರ್ಧ ದಾರಿಯಲ್ಲೇ ಕಳಚಿ ಬೀಳುತ್ತಿತ್ತು. ನೆಂಟರು ಬಂದಾಗಲೆಲ್ಲ ಅಕ್ಕ ತನ್ನ ಜಡೆಯನ್ನು ಹೆಗಲಿನಿಂದ ಮುಂದಕ್ಕೆಳೆದುಕೊಂಡು, “ಪಾಪ, ಇವಳ ಪಾಲೂ ನನಗೇ ಬಂದುಬಿಟ್ಟಿದೆ” ಎನ್ನುತ್ತಿದ್ದಳು. ಮದುವೆಯ ಹೊತ್ತಿಗಾಗಲೇ ಬೋಳಾಗಿದ್ದ ಇಸ್ತ್ರಿಯಮ್ಮನ ಗಂಡ ಮಾತ್ರ, “ಮನೇಲಿ ಒಬ್ಬರಿಗಾದ್ರೂ ಇದೆಯಲ್ಲ ಬಿಡು” ಎಂದು ಸಮಾಧಾನ ಹೇಳುತ್ತಿದ್ದ. ಅವನ ಸಮಾಧಾನ ಅವಳಿಗೆ ಹಿಡಿಸುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಗುಂಗುರು.

“ತೆಳು ಕೂದಲಿಗೆ ಸುತ್ತೋಕೆ ಸಣ್ಣ ಕಡ್ಡಿ, ಸೌಮ್ಯವಾದ ಔಷಧಿ,” ಎಂದು ಪಾರ್ಲರಿನವಳು ಮೊದಲ ಸಲವೇ ವಿವರಿಸಿದ್ದಳು. “ಕೂರಿಸೋದು ನನ್ನ ಕೆಲಸ. ಉಳಿಸ್ಕೊಳ್ಳೋದು ನಿಮ್ಮ ಕೆಲಸ. ಎರಡು ದಿನ ನೀರು ಸೋಕಬಾರದು. ಹಬೆ ಕೂಡ ಸೋಕಬಾರದು.”

ತೊಡಕಿದ್ದುದು ಅಲ್ಲೇ. ಇಸ್ತ್ರಿಯಮ್ಮ ದುಡಿಯುತ್ತಿದ್ದುದು ಲಾಂಡ್ರಿಯಲ್ಲಿ, ಹಬೆಯ ಇಸ್ತ್ರಿಯ ಮುಂದೆ. ಲಾಂಡ್ರಿಗೆ ರಜೆ ಭಾನುವಾರ ಒಂದೇ ದಿನ. ಭಾನುವಾರ ಸಂಜೆ ಅವಳು ತಲೆತುಂಬ ಗುಂಗುರು ಹೊತ್ತು, ಬೇಕೆಂದೇ ಸುತ್ತುಬಳಸಿನ ದಾರಿ ಹಿಡಿದು ಮನೆಗೆ ಬರುತ್ತಿದ್ದಳು. ಸೋಮವಾರ ಹಲಗೆಯ ಮೇಲೆ ಗಿರಾಕಿಗಳ ಷರಟು ಚಪ್ಪಟೆಯಾಗುತ್ತಿದ್ದ ಹಾಗೇ ಇತ್ತ ಅವಳ ತಲೆಯೂ ಚಪ್ಪಟೆಯಾಗುತ್ತಿತ್ತು. ಪ್ಲಾಸ್ಟಿಕ್ ಟೋಪಿ ಹಾಕಿ ನೋಡಿದಳು. ಒಳಗೆ ಬೆವರು ಸುರಿದು, ಹಬೆ ಅರ್ಧ ದಿನದಲ್ಲಿ ಮಾಡುತ್ತಿದ್ದುದನ್ನು ಅದು ಒಂದು ಗಂಟೆಯಲ್ಲಿ ಮಾಡಿ ಮುಗಿಸಿತು. ಜೊತೆಗೆಲಸದವರು “ತಲೆಗೂ ಇಸ್ತ್ರಿ ಹಾಕ್ಕೊಂಡು ಬಂದ್ರಾ?” ಎಂದು ಕೇಳಿದರು. ಇಸ್ತ್ರಿಯಮ್ಮ ಎಂಬ ಹೆಸರು ಅಂಟಿದ್ದು ಹಾಗೆ.

ಪಾರ್ಲರಿನವಳಿಗೂ ಇದು ಮಾನದ ಪ್ರಶ್ನೆಯೇ ಆಗಿತ್ತು. ಅವಳ ಅಂಗಡಿಯ ಬೋರ್ಡಿನ ಮೇಲೆ ‘ಆರು ತಿಂಗಳ ಗ್ಯಾರಂಟಿ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಹೊಸಬರು ಬಂದರೆ ಬೀದಿಯವರು, “ಇಸ್ತ್ರಿಯಮ್ಮನಿಗೂ ಇದೇ ಗ್ಯಾರಂಟೀನಾ?” ಎಂದು ಛೇಡಿಸುತ್ತಿದ್ದರು. ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಮತ್ತೆ ಮಾಡಿದಳು. ಇಸ್ತ್ರಿಯಮ್ಮನೂ ಹಟ ಬಿಡದೆ ಮತ್ತೆ ಮತ್ತೆ ಬಂದಳು. ಇಬ್ಬರೂ ಪಾರ್ಲರಿನ ಕುರ್ಚಿಯ ಸುತ್ತಲೇ ಮುದುಕಿಯರಾದರು.

* * *

ಮಗಳು ಅಡುಗೆಮನೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಪಾರ್ಲರಿನವಳು ಅಕ್ಕನ ಕಿವಿಯ ಬಳಿ ಬಾಗಿದಳು.

“ನಿಮ್ಮ ಜಡೆಗೆ ಸೇರಿಸೋ ಚೌರಿಗೆ ಬಣ್ಣ ಹಾಕಿಕೊಡೋದು ನಾನೇ ಅಲ್ವಾ? ಯಾರ ಹತ್ರ ಆದ್ರೂ ಬಾಯಿ ಬಿಟ್ಟಿದೀನಾ?”

“ಮೆಲ್ಲಗೆ ಮಾತಾಡ್ರೀ!” ಅಕ್ಕ ಬೆಚ್ಚಿ ಮಂಚದ ಕಡೆ ನೋಡಿದಳು. ಹೆಗಲ ಮೇಲಿನ ಜಡೆಯನ್ನು ತಟ್ಟನೆ ಬೆನ್ನಹಿಂದೆ ಸರಿಸಿದಳು. “ಇವಳಿಗೆ ಗೊತ್ತಿತ್ತಾ?” ಎಂದಳು.

“ಗೊತ್ತಿತ್ತು. ಒಣಗೋಕೆ ನೇತು ಹಾಕಿದ್ದೆ, ಒಂದು ದಿನ ನೋಡಿಬಿಟ್ರು. ‘ಅಯ್ಯೋ, ಇದು ನಮ್ಮ ಅಕ್ಕಂದು’ ಅಂದ್ರು. ಯಾರಿಗೂ ಹೇಳಬೇಡಿ, ಅವಳು ನೊಂದ್ಕೋತಾಳೆ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು.”

ಬೆಳಗಿನಿಂದ ಶಾಸ್ತ್ರಕ್ಕೆಂಬಂತೆ ಕಣ್ಣೊರೆಸಿಕೊಳ್ಳುತ್ತಿದ್ದ ಅಕ್ಕ ಈಗ ನಿಜವಾಗಿ ಅತ್ತಳು. ಇಡೀ ಜನ್ಮ ತಾನು ಆಡಿಕೊಂಡದ್ದನ್ನೆಲ್ಲ ತಂಗಿ ಎಲ್ಲ ಗೊತ್ತಿದ್ದೂ ಕೇಳಿಸಿಕೊಂಡಿದ್ದಳು. ಮಗಳು ಬಿಸಿನೀರು ಹಿಡಿದು ಬಂದಾಗ ದೊಡ್ಡಮ್ಮ ಮಂಚದ ಪಕ್ಕದಲ್ಲಿ ಕೂತು, ಕಡ್ಡಿಗೆ ಸುತ್ತುವ ತೆಳು ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಕೊಡುತ್ತಿದ್ದಳು.

“ಇದು ಸಾಕಾ, ಇನ್ನೂ ಸಣ್ಣ ಕಡ್ಡಿ ಇದೆಯಾ?” ಎಂದು ವಿಚಾರಿಸುತ್ತಲೂ ಇದ್ದಳು.

* * *

ಔಷಧಿ ಸುರಿದ ಮೇಲೆ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಘಾಟು ಬಾಗಿಲ ಸಂದಿಯಿಂದ ಹೊರಬಂದು ಒಬ್ಬೊಬ್ಬರ ಮೂಗನ್ನೂ ಮಾತಾಡಿಸಿತು.

“ಗ್ಯಾಸ್ ಸೋರ್ತಿದೆ,” ಎಂದ ಒಬ್ಬ.

“ಮೊಟ್ಟೆ ಕೊಳೆತಿದೆ,” ಎಂದಳು ಪಕ್ಕದ ಮನೆಯಾಕೆ. ದುಃಖದ ಮನೆಯಲ್ಲಿ ಮೂಗು ಮುಚ್ಚಿಕೊಳ್ಳುವುದು ಹೇಗೆಂದು ತಿಳಿಯದೆ ಎಲ್ಲರೂ ಕರವಸ್ತ್ರ ತೆಗೆದು ಅಳುವವರಂತೆ ಮುಖಕ್ಕೆ ಒತ್ತಿಕೊಂಡರು. ಹೊರಗಿನಿಂದ ಬಂದವರಿಗೆ ಇಷ್ಟೊಂದು ಜನ ಒಟ್ಟಿಗೆ ಅಳುತ್ತಿರುವುದನ್ನು ಕಂಡು ಕರುಳು ಚುರ್ರೆಂದಿತು.

ಲಾಂಡ್ರಿಯ ಯಜಮಾನರು ಗಂಡನ ಪಕ್ಕದಲ್ಲಿ ಕೂತಿದ್ದರು. “ಎಂಥಾ ಹೆಣ್ಣುಮಗಳು ರೀ! ಆಸ್ಪತ್ರೆ ಸೇರೋ ತನಕ ಇಷ್ಟು ವರ್ಷದಲ್ಲಿ ಒಂದೇ ಸಲ ರಜಾ ಹಾಕಿದ್ದು. ಸುಡೋ ಜ್ವರ. ನಾನೇ ಬಂದು ನೋಡಿದ್ನಲ್ಲ, ತಲೆ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡು ಮಲಗಿದ್ರು ಪಾಪ.”

ಗಂಡ ತನ್ನ ಬೋಳುತಲೆಯನ್ನು ಸವರಿಕೊಂಡ.

* * *

ಆ ಸೋಮವಾರ ಅವಳಿಗೆ ಜ್ವರವಿರಲಿಲ್ಲ. ಹಿಂದಿನ ದಿನ ಮಾಡಿಸಿದ ಪರ್ಮ್ ಇತ್ತು. ಎರಡು ದಿನ ಹಬೆಯಿಂದ ದೂರವಿದ್ದು ನೋಡೇಬಿಡೋಣ ಎಂದು ಧೈರ್ಯ ಮಾಡಿ, ಜೀವನದಲ್ಲಿ ಮೊದಲ ಬಾರಿ ಸುಳ್ಳು ಹೇಳಿ ಕಳಿಸಿದ್ದಳು. ಕನ್ನಡಿಯ ಮುಂದೆ ಕೂತು ತಲೆಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿಕೊಳ್ಳುತ್ತಿದ್ದಾಗ, ಗಂಡ ಕಿಟಕಿಯಿಂದ ಕೂಗಿದ.

“ಲೇ, ನಿಮ್ಮ ಯಜಮಾನ್ರು! ಕೈಯಲ್ಲಿ ಹಣ್ಣಿನ ಚೀಲ ಬೇರೆ!”

“ಅಯ್ಯಯ್ಯೋ, ಈ ತಲೆ ನೋಡಿದ್ರೆ ಎಲ್ಲಾ ಗೊತ್ತಾಗಿಬಿಡುತ್ತೆ!”

ಅವಳು ಹಾಸಿಗೆಗೆ ಹಾರಿದಳು. ಜ್ವರ ಬಂದವರ ತಲೆಯ ಮೇಲೆ ಇರಬೇಕಾದದ್ದು ಏನೆಂದು ಗಂಡನಿಗೆ ಆ ಗಡಿಬಿಡಿಯಲ್ಲಿ ನೆನಪಾಗಿದ್ದು ಒಂದೇ. ಬಕೆಟ್ಟಿನಲ್ಲಿದ್ದ ಟವೆಲನ್ನು ಹಿಂಡದೆಯೇ ತಂದು ಅವಳ ತಲೆಗೆ ಸುತ್ತಿದ. ಯಜಮಾನರು ಒಳ್ಳೆಯವರು, ಬೇಗ ಏಳಲಿಲ್ಲ. ಒಂದೊಂದೇ ಹಣ್ಣು ಸುಲಿದು ಕೊಟ್ಟು, ಸಂಜೆಯವರೆಗೂ ಧೈರ್ಯ ಹೇಳಿದರು. ಅವರು ಹೋದ ಮೇಲೆ ಟವೆಲು ಬಿಚ್ಚಿದರೆ ಒಳಗೆ ಇಸ್ತ್ರಿಯಮ್ಮ ಮೊದಲಿನಂತೆಯೇ ಇದ್ದಳು.

* * *

“ಜ್ವರ ಅಲ್ಲ ಸಾರ್,” ಎಂದ ಗಂಡ. “ಗುಂಗುರು.” ಎಲ್ಲವನ್ನೂ ಹೇಳಿದ. ಟವೆಲಿನ ವಿಷಯಕ್ಕೆ ಬಂದಾಗ ನಗುತ್ತಲೇ ಅವನಿಗೆ ಅಳು ಬಂತು.

“ಕೇಳಿದ್ರೆ ರಜಾ ಕೊಡ್ತಿದ್ನಲ್ಲ ರೀ!”

“ಕೂದಲಿಗೋಸ್ಕರ ಹೇಗ್ರೀ ಕೇಳೋದು ಅಂತ ನಾಚಿಕೆ ಅವಳಿಗೆ.”

ಅಷ್ಟರಲ್ಲಿ ಹೊರಗೆ ಗಾಡಿ ಬಂದು ಹಾರ್ನ್ ಮಾಡಿತು. ಮಗಳು ಬಾಗಿಲು ತೆರೆದು ಗಾಬರಿಯಿಂದ, “ಅಪ್ಪಾ, ಇನ್ನೂ ಹಿಡಿದಿಲ್ಲವಂತೆ!” ಎಂದಳು. ಹಿಂದಿನಿಂದ ಪಾರ್ಲರಿನವಳ ದನಿ ಬಂತು: “ತಲೆ ತಣ್ಣಗಿದೆ, ಔಷಧಿ ಎಳೀತಾ ಇಲ್ಲ. ಈಗ ಕಡ್ಡಿ ಬಿಚ್ಚಿದ್ರೆ ಎಲ್ಲಾ ನೀರಿನಲ್ಲಿ ಹೋಮ!”

ಡ್ರೈವರ್ ಒಳಗಿಣುಕಿ, ತನಗೆ ಬೇರೆ ಕಡೆಯೂ ಹೋಗುವುದಿದೆ ಎಂದ. ಲಾಂಡ್ರಿಯ ಯಜಮಾನರು ಧಡಕ್ಕನೆ ಎದ್ದರು.

“ನಿಲ್ಲಿಸಯ್ಯಾ ಗಾಡಿ. ಆಯಮ್ಮಂಗೆ ಇವತ್ತು ರಜಾ ಕೊಟ್ಟಿದೀನಿ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.” ಹೇಳಿದ್ದಷ್ಟೇ ಅಲ್ಲ, ಹೊರಗೆ ಹೋಗಿ ಗಾಡಿಯ ಮುಂದೆ ಅಡ್ಡ ನಿಂತುಕೊಂಡರು. ಒಳಗೆ ಅಕ್ಕ ಹೇರ್ ಡ್ರೈಯರ್ ಹಿಡಿದು, ಕೈ ಸೋತರೂ ಬೇರೆಯವರಿಗೆ ಕೊಡದೆ, ತಂಗಿಯ ತಲೆಗೆ ಬಿಸಿ ಗಾಳಿ ಹಾಯಿಸತೊಡಗಿದಳು.

ಕೊನೆಗೂ ಬಾಗಿಲು ತೆರೆಯಿತು. ಜನ ಸಾಲಾಗಿ ಒಳಗೆ ಬಂದರು. ಲಾಂಡ್ರಿಯಿಂದ ತಡವಾಗಿ ಓಡಿ ಬಂದ ಜೊತೆಗೆಲಸದವಳೊಬ್ಬಳು ಮಂಚದ ಕಡೆ ನೋಡಿ, “ಕ್ಷಮಿಸಿ, ತಪ್ಪು ಮನೆಗೆ ಬಂದೆ,” ಎಂದು ಹೊರಟೇಬಿಟ್ಟಳು. ಮಗಳು ಹೋಗಿ ಅವಳ ಕೈ ಹಿಡಿದು ಕರೆತರಬೇಕಾಯಿತು.

ಪಾರ್ಲರಿನವಳು ಮಂಚದ ತಲೆಯ ಬಳಿ ಕಾವಲುಗಾರಳಂತೆ ನಿಂತಿದ್ದಳು. ಪಕ್ಕದ ಮನೆಯಾಕೆ ಕೈಮುಗಿದು, ಹಾಗೇ ಅವಳ ಕಡೆ ವಾಲಿ ಪಿಸುಗುಟ್ಟಿದಳು. “ನಂದೂ ತೆಳು ಕೂದಲೇ ರೀ. ಬರಲಾ?”

“ಎರಡು ದಿನ ರಜಾ ಕೇಳ್ಕೊಂಡು ಬನ್ನಿ,” ಎಂದಳು ಪಾರ್ಲರಿನವಳು.

ಎಲ್ಲರೂ ನೋಡಿಯಾದ ಮೇಲೆ ಅಕ್ಕ ಮುಂದೆ ಬಂದಳು. ತಂಗಿಯ ಹಣೆಯ ಮೇಲಿದ್ದ ಸಣ್ಣದೊಂದು ಗುಂಗುರನ್ನು ಎರಡು ಬೆರಳಲ್ಲಿ ಹಿಡಿದು, ಹುಬ್ಬಿನವರೆಗೂ ನೇರಕ್ಕೆ ಎಳೆದು ಬಿಟ್ಟಳು. ಅದು ಪಟಕ್ಕನೆ ಸುರುಳಿ ಸುತ್ತಿಕೊಂಡು ತನ್ನ ಜಾಗಕ್ಕೆ ಹೋಯಿತು. ಹೊರಗೆ ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ. ಅಕ್ಕ ಇನ್ನೊಮ್ಮೆ ಎಳೆದಳು.