ಏಳು ತಿಂಗಳ ಹಿಂದಿನ ದವಡೆ

ಎಲ್ಲಿಂದ ಶುರು ಮಾಡಲಿ ಹೇಳಿ? ಆಪರೇಷನ್ ಕೋಣೆಯಿಂದ ಅಂದರೆ ನೀವು ಎದ್ದು ಹೋಗುತ್ತೀರಿ. ಮಗು ಜಾರಿ ಬಿದ್ದ ಮೆಟ್ಟಿಲಿನಿಂದ ಅಂದರೆ ಅದರ ತಾಯಿ ನನ್ನನ್ನು ಸುಮ್ಮನೆ ಬಿಡುವುದಿಲ್ಲ. (ಆ ಡ್ರಾಫ್ಟ್ ಹರಿದು ಹಾಕಿದೆ. ಹಾಳಾಗಿ ಹೋಗಲಿ.)

೧. ಹಾಗಾಗಿ ಡಿಸೈನರಮ್ಮನಿಂದ ಶುರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು, ಸ್ಕ್ಯಾನ್ ನೋಡಿ, ಮಕ್ಕಳ ದವಡೆಯ ಕೀಲನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಕಟ್ಟುವುದು ಆಕೆಯ ಕೆಲಸ. ಎಲುಬನ್ನು ಎಲ್ಲಿ ಕೊಯ್ಯಬೇಕೆಂದು ತೋರಿಸುವ ಅಚ್ಚನ್ನೂ ಆಕೆಯೇ ಮಾಡಿಕೊಡಬೇಕು. ಈ ಸಲದ ಹುಡುಗಿಗೆ ಎಂಟು ವರ್ಷ. ಬಿದ್ದ ಪೆಟ್ಟಿಗೆ ಎರಡೂ ಕಿವಿಯ ಬುಡದ ಕೀಲು ಬೆಸೆದುಕೊಂಡು, ಬಾಯೊಳಗೆ ಚಮಚದ ತುದಿಯೂ ಹೋಗುತ್ತಿರಲಿಲ್ಲ. ಬೇರೆ ಮಕ್ಕಳ ಸರದಿಯೆಲ್ಲ ಮುಗಿದ ಮೇಲೆ ಡಿಸೈನರಮ್ಮ ಈ ದವಡೆಯನ್ನು ಪರದೆಯ ಮೇಲೆ ನೂರು ಸಲ ತಿರುಗಿಸಿ ನೋಡಿದಳು. ಸ್ಕ್ಯಾನಿನ ತಾರೀಖನ್ನು ಮಾತ್ರ ನೋಡಲಿಲ್ಲ.

೩. (ಎರಡನೆಯದು ಎಲ್ಲಿ ಅಂತ ಕೇಳಬೇಡಿ. ಅದರಲ್ಲಿ ಎಲ್ಲವೂ ಸರಿಹೋಗಿತ್ತು. ನನಗೇ ನಂಬಿಕೆ ಬರಲಿಲ್ಲ.) ಆಪರೇಷನ್ನಿನ ಹಿಂದಿನ ದಿನ ಮತ್ತೊಂದು ಸ್ಕ್ಯಾನ್ ಮಾಡಿದರು. ಅಚ್ಚು ಹೊಂದಲಿಲ್ಲ. ಹಳೆಯ ಸ್ಕ್ಯಾನ್ ತೆಗೆದು ಏಳು ತಿಂಗಳಾಗಿತ್ತು, ಅಷ್ಟರಲ್ಲಿ ಹುಡುಗಿ ಬೆಳೆದುಬಿಟ್ಟಿದ್ದಳು. ಸರ್ಜನ್ ಆಪರೇಷನ್ನನ್ನು ಮುಂದಕ್ಕೆ ಹಾಕಿದರು.

ತಾಯಿ ಮಗಳ ಕೈ ಹಿಡಿದು ನೆಲಮಾಳಿಗೆಗೇ ಇಳಿದು ಬಂದಳು.

"ಮೈ ತುಂಬ್ಕೊಳ್ಲಿ, ಇಲ್ದಿದ್ರೆ ಮತ್ತು ಬರೋ ಔಷಧಿ ತಡ್ಕೊಳ್ಳಲ್ಲ ಅಂದ್ರಿ. ಹಲ್ಲಿನ ಸಂದೀಲಿ ತೊಟ್ಟು ತೊಟ್ಟಾಗಿ ಹಾಲು ಇಳಿಸ್ದೆ. ಈಗ ಬೆಳೆದಿದ್ದೇ ತಪ್ಪಾಯ್ತಾ?"

"ತಪ್ಪು ನಂದಮ್ಮಾ. ತಾರೀಖು ನೋಡ್ಬೇಕಿತ್ತು."

"ಇನ್ನೆಷ್ಟು ದಿನ?"

"ಹೊಸ ಅಚ್ಚಿಗೆ ಆರು ವಾರ."

"ಅಷ್ಟರಲ್ಲಿ ಮತ್ತೆ ಬೆಳೆದ್ರೆ? ಹಾಲು ಕೊಡ್ಲಾ, ಬಿಡ್ಲಾ? ಅದನ್ನಾದ್ರೂ ಹೇಳಿ!"

ಡಿಸೈನರಮ್ಮ ಹಳೆಯ ಸ್ಕ್ಯಾನಿನ ದವಡೆಯನ್ನು ಪರದೆಗೆ ತಂದಳು. ತಾಯಿ ತಿರುಗಿ ನನ್ನನ್ನು ತರಾಟೆಗೆ ತೆಗೆದುಕೊಂಡಳು: "ಬರೆಯೋನಲ್ವಾ ನೀನು? ಬಾಯಿ ತೆರೀತು ಅಂತ ಬರಿ. ನಿನ್ನ ಗಂಟೇನು ಹೋಗುತ್ತೆ?"

ಬರೆದೆ. ಕೊನೆ 'ಎ': ಹುಡುಗಿ ಬಾಯ್ತುಂಬ ಆಕಳಿಸುತ್ತಾಳೆ. ಕೊನೆ 'ಬಿ': ಕೀಲು ಮತ್ತೆ ಬೆಸೆದುಕೊಳ್ಳುತ್ತದೆ. ಎರಡನ್ನೂ ಹೊಡೆದು ಹಾಕಿದೆ.

ಅಷ್ಟರಲ್ಲಿ ಹುಡುಗಿ ಪರದೆಯ ಮುಂದೆ ಹೋಗಿ ನಿಂತಿದ್ದಳು.

"ಇದು ನಾನಾ?" ಎಂದಳು, ಕಚ್ಚಿದ ಹಲ್ಲುಗಳ ಒಳಗಿನಿಂದ.

"ಹೂಂ ಪುಟ್ಟಾ. ಏಳು ತಿಂಗಳ ಹಿಂದಿನ ನೀನು."

ಡಿಸೈನರಮ್ಮ ಮೌಸ್ ಒತ್ತಿದಳು. ಪರದೆಯ ದವಡೆ ಅಗಲವಾಗಿ ತೆರೆದು ಮುಚ್ಚಿಕೊಂಡಿತು.

"ಇನ್ನೊಂದ್ಸಲ."

ಒತ್ತಿದಳು.

"ಇನ್ನೊಂದ್ಸಲ."

ತಾಯಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾಳೆ. ನಿಮಗೆ ಕೆಲಸವಿದ್ದರೆ ಹೋಗಿ, ಬೇಜಾರಿಲ್ಲ. ಆ ಮಗುವಿಗೆ ಸಾಕು ಅನ್ನಲು ನನ್ನ ಕೈಲಾಗುವುದಿಲ್ಲ.